ಬಲ್ಬ್ ಮುಳುಗಿದಾಗ ಬಿಲ್ ಕಟ್ಟಿದ್ದು ಯಾರು?

2021ರ ನವೆಂಬರ್ 24. ಬಲ್ಬ್ ಎನರ್ಜಿ ಎಂಬ ಕಂಪನಿಯನ್ನು ಲಂಡನ್ನಿನ ಕೋರ್ಟು ವಿಶೇಷ ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಿತು. ಆ ಕಂಪನಿಯಿಂದ ಕರೆಂಟ್, ಗ್ಯಾಸ್ ಕೊಳ್ಳುತ್ತಿದ್ದ ಮನೆಗಳು 16 ಲಕ್ಷದ ಆಸುಪಾಸು. ಅವತ್ತು ರಾತ್ರಿ ಆ ಮನೆಗಳಲ್ಲಿ ಇದರಿಂದಾಗಿ ಒಂದು ದೀಪವೂ ಆರಲಿಲ್ಲ. ಒಲೆ ಉರಿಯಿತು, ಹೀಟರ್ ಬೆಚ್ಚಗೇ ಇತ್ತು.

ನಮಗೆ ಇದು ವಿಚಿತ್ರ ಅನಿಸುತ್ತದೆ, ಅಲ್ವಾ? ಬೆಸ್ಕಾಂ, ಹೆಸ್ಕಾಂ ಅಂದರೆ ಕಂಬವೂ ಅದರದೇ, ತಂತಿಯೂ ಅದರದೇ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬರುವ ಲೈನ್‌ಮ್ಯಾನ್ ಅದರವನು. ತಿಂಗಳ ಬಿಲ್ ಕೈಗಿಡುವುದೂ ಅದೇ. ಅದು ಮುಳುಗಿದರೆ ಊರೇ ಕತ್ತಲು ಅಂತ ನಾವು ಅಂದುಕೊಳ್ಳುತ್ತೇವೆ.

ಬ್ರಿಟನ್ನಿನಲ್ಲಿ ಈ ಕೆಲಸಗಳನ್ನೆಲ್ಲ ಬಿಡಿಸಿ ಇಟ್ಟಿದ್ದಾರೆ. ವಿದ್ಯುತ್ ತಯಾರಿಸಲು ಒಂದು ಲೈಸೆನ್ಸ್. ಹೈಟೆನ್ಷನ್ ಲೈನಿಗೆ ಇನ್ನೊಂದು. ಊರೊಳಗಿನ ಕಂಬ, ಕೇಬಲ್ಲಿಗೆ ಮತ್ತೊಂದು. ಕೊನೆಯದು ಸಪ್ಲೈ ಲೈಸೆನ್ಸ್. ಇದನ್ನು ಪಡೆದ ಕಂಪನಿಗೆ ಸ್ವಂತ ತಂತಿ ಬೇಕಿಲ್ಲ, ಸ್ಥಾವರವೂ ಬೇಕಿಲ್ಲ. ಸಗಟು ಮಾರುಕಟ್ಟೆಯಲ್ಲಿ ಕರೆಂಟ್ ಕೊಳ್ಳಬೇಕು, ಮನೆಗಳಿಗೆ ಮಾರಬೇಕು, ಬಿಲ್ ಕಳಿಸಬೇಕು, ತಂತಿಯವರಿಗೆ ಬಾಡಿಗೆ ಕಟ್ಟಬೇಕು. ಅಷ್ಟೇ. ಬಲ್ಬ್ ಅಂಥದೊಂದು ಅಂಗಡಿ. ಅಂಗಡಿಯ ಬಾಗಿಲು ಹಾಕಿದರೂ ತಂತಿಯಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಆದರೆ ಹರಿದ ಕರೆಂಟಿನ ದುಡ್ಡನ್ನು ಯಾರಾದರೂ ಕೊಡಲೇಬೇಕು. ಯಾರು ಕೊಟ್ಟರು ಅನ್ನುವುದೇ ಈ ಪ್ರಕರಣ.

ಬಾಗಿಲು ತೆರೆದದ್ದು

ಹಳೆಯ ಕತೆಯನ್ನು ಬೇಗ ಮುಗಿಸೋಣ. 1989ರ ವಿದ್ಯುತ್ ಕಾಯ್ದೆ ಬಂತು. ಅದರ ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನ 12 ಪ್ರಾದೇಶಿಕ ಕಂಪನಿಗಳನ್ನು ಸರ್ಕಾರ ಷೇರುಪೇಟೆಯಲ್ಲಿ ಮಾರಿತು. 1998-99ರಲ್ಲಿ ಮನೆಗಳಿಗೂ ಬೇಕಾದ ಕಂಪನಿಯನ್ನು ಆರಿಸಿಕೊಳ್ಳುವ ಹಕ್ಕು ಸಿಕ್ಕಿತು. ಇವೆಲ್ಲದರ ಮೇಲೆ ಕಣ್ಣಿಡಲು ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ. ನಮ್ಮ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಇದ್ದ ಹಾಗೆ ಅನ್ನಬಹುದು. ಆದರೆ ಆಫ್‌ಜೆಮ್ ಇಡೀ ಗ್ರೇಟ್ ಬ್ರಿಟನ್ನಿಗೆ ಒಂದೇ, ಗ್ಯಾಸ್ ಕೂಡ ಅದರ ಕೈಯಲ್ಲೇ.

ಪೈಪೋಟಿ ಬರಲಿ ಅಂತ ಇಷ್ಟೆಲ್ಲ ಮಾಡಿದ್ದು. ಕೊನೆಗೆ ಉಳಿದದ್ದು ಆರು ದೊಡ್ಡ ಕಂಪನಿಗಳು. ಜನಕ್ಕೆ ಈ ಆರರ ಮೇಲೆ ಸಿಟ್ಟು. ಸಿಟ್ಟಿಗೆ ಕಾರಣವೂ ಇತ್ತು. 2012ರಿಂದ 2015ರ ನಡುವೆ ಮನೆಗಳು ವರ್ಷಕ್ಕೆ ಸರಾಸರಿ 140 ಕೋಟಿ ಪೌಂಡ್ ಜಾಸ್ತಿ ಕಟ್ಟಿವೆ ಎಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2016ರಲ್ಲಿ ಹೇಳಿತು. ಕಂಪನಿ ಬದಲಿಸದೆ ಸುಮ್ಮನೆ ಕೂತವರೇ ಹೆಚ್ಚು ತೆತ್ತಿದ್ದರು.

ಇದಕ್ಕೆ ಆಫ್‌ಜೆಮ್ ಆಗಲೇ ಹಿಡಿದಿದ್ದ ಔಷಧ ಒಂದೇ: ಇನ್ನಷ್ಟು ಅಂಗಡಿಗಳು ಬರಲಿ. ಅದಕ್ಕಾಗಿ ಹೊಸ್ತಿಲನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿದರು. ಎರಡೂವರೆ ಲಕ್ಷಕ್ಕಿಂತ ಕಡಿಮೆ ಗ್ರಾಹಕರಿದ್ದ ಕಂಪನಿಗೆ ಕೆಲವು ಸಾಮಾಜಿಕ ಹೊಣೆಗಳಿಂದ ವಿನಾಯಿತಿ. ಲೈಸೆನ್ಸ್, ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲ ಜೋಡಿಸಿಟ್ಟ ರೆಡಿಮೇಡ್ ಕಂಪನಿಗಳನ್ನೇ ಮಾರುವವರು ಹುಟ್ಟಿಕೊಂಡರು. ಕೊಂಡು, ಬೋರ್ಡು ಬದಲಿಸಿದರೆ ನೀವೂ ಕರೆಂಟ್ ವ್ಯಾಪಾರಿ. 2018ರ ಹೊತ್ತಿಗೆ ಇಂಥ ಅಂಗಡಿಗಳು ಎಪ್ಪತ್ತರ ಹತ್ತಿರ ಬಂದಿದ್ದವು. ನಾಟಿಂಗ್‌ಹ್ಯಾಮ್ ನಗರಸಭೆ ಕೂಡ ರಾಬಿನ್ ಹುಡ್ ಹೆಸರಲ್ಲಿ ಒಂದು ತೆರೆದು ಕೈಸುಟ್ಟುಕೊಂಡಿತು.

ನಿಮ್ಮ ಸ್ವಂತ ದುಡ್ಡು ಎಷ್ಟಿದೆ? ಸಗಟು ಬೆಲೆ ದುಪ್ಪಟ್ಟಾದರೆ ಎಷ್ಟು ತಿಂಗಳು ತಾಳುತ್ತೀರಿ? ಈ ಎರಡು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಲೇ ಇಲ್ಲ. ನಮ್ಮಲ್ಲಿ ಒಂದು ಕಿರಾಣಿ ಅಂಗಡಿಗೆ ಸಾಲ ಕೇಳಿದರೂ ಬ್ಯಾಂಕಿನವರು ಇಷ್ಟನ್ನಂತೂ ಕೇಳುತ್ತಾರೆ. ಆಫ್‌ಜೆಮ್‌ನ ಲೆಕ್ಕಾಚಾರ ಬೇರೆ ಇತ್ತು. ಪೈಪೋಟಿ ಅಂದಮೇಲೆ ಕೆಲವರು ಬೀಳುತ್ತಾರೆ, ಬಿದ್ದರೆ ಅವರ ಗ್ರಾಹಕರನ್ನು ಇನ್ನೊಬ್ಬರಿಗೆ ವಹಿಸಿದರಾಯಿತು. ಅದಕ್ಕೊಂದು ವ್ಯವಸ್ಥೆಯೂ ಇತ್ತು, ಹೆಸರು ‘ಕೊನೆಯ ಆಸರೆಯ ಪೂರೈಕೆದಾರ’. 2016ರ ನವೆಂಬರಿನಲ್ಲಿ ಸುಮಾರು 1.6 ಲಕ್ಷ ಗ್ರಾಹಕರಿದ್ದ ಜಿಬಿ ಎನರ್ಜಿ ಸಪ್ಲೈ ಬಿದ್ದಾಗ ಈ ವ್ಯವಸ್ಥೆ ಕೆಲಸ ಮಾಡಿತು. 2018ರಲ್ಲಿ ಇನ್ನೂ ಹಲವು ಬಿದ್ದವು. ಆಗಲೂ ಕೆಲಸ ಮಾಡಿತು. ಬಲೆ ಗಟ್ಟಿಯಿದೆ ಅಂತ ಎಲ್ಲರಿಗೂ ಧೈರ್ಯ ಬಂತು.

2019ರ ಜುಲೈನಲ್ಲಿ ಹೊಸದಾಗಿ ಬರುವವರಿಗೆ ಪರೀಕ್ಷೆ ಬಿಗಿಯಾಯಿತು. ಅಷ್ಟು ಹೊತ್ತಿಗೆ ಬರಬೇಕಾದವರೆಲ್ಲ ಒಳಗೆ ಬಂದಾಗಿತ್ತು. 2021ರ ಜನವರಿಯಲ್ಲಿ ಒಳಗಿದ್ದವರಿಗೂ ಕೆಲವು ನಿಯಮ ತಂದರು. ಆದರೆ ‘ಇಷ್ಟು ಬಂಡವಾಳ ಇರಲೇಬೇಕು’ ಅನ್ನುವ ಸಾಲು ಅದರಲ್ಲೂ ಇರಲಿಲ್ಲ.

ಗ್ರಾಹಕರ ದುಡ್ಡೇ ಬಂಡವಾಳ

ಹಾಗಾದರೆ ಕೈಯಲ್ಲಿ ಕಾಸಿಲ್ಲದ ಕಂಪನಿ ನಡೆಯುತ್ತಿದ್ದದ್ದು ಹೇಗೆ? ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ ಇದು.

ಬ್ರಿಟನ್ನಿನಲ್ಲಿ ಚಳಿಗಾಲದ ಬಿಲ್ ಬೆಟ್ಟದಷ್ಟು, ಬೇಸಿಗೆಯದು ಗುಡ್ಡದಷ್ಟೂ ಇಲ್ಲ. ಅದಕ್ಕೇ ಬಹಳ ಮನೆಯವರು ವರ್ಷದ ಅಂದಾಜನ್ನು ಹನ್ನೆರಡು ಭಾಗ ಮಾಡಿ ಪ್ರತಿ ತಿಂಗಳೂ ಒಂದೇ ಮೊತ್ತ ಕಟ್ಟುತ್ತಾರೆ. ಬ್ಯಾಂಕಿನಿಂದ ಅದು ತಾನಾಗಿ ಹೋಗುತ್ತದೆ. ಬೇಸಿಗೆಯಲ್ಲಿ ಬಳಕೆ ಕಡಿಮೆ, ಕಟ್ಟಿದ್ದು ಜಾಸ್ತಿ. ಅಕ್ಟೋಬರ್ ಹೊತ್ತಿಗೆ ಪ್ರತಿ ಮನೆಯ ಹೆಸರಲ್ಲೂ ಕಂಪನಿಯ ಬಳಿ ಒಂದಿಷ್ಟು ಮುಂಗಡ ಕೂತಿರುತ್ತದೆ. ಲಕ್ಷಗಟ್ಟಲೆ ಮನೆ ಅಂದರೆ ಅದು ದೊಡ್ಡ ಗಂಟು.

ಈ ಗಂಟನ್ನು ಬೇರೆ ಖಾತೆಯಲ್ಲಿ ಇಡಬೇಕು ಎಂಬ ಕಾನೂನು ಇರಲಿಲ್ಲ. ಹೊಸ ಗ್ರಾಹಕರನ್ನು ಸೆಳೆಯಲು, ಸಂಬಳ ಕೊಡಲು, ನಷ್ಟ ತುಂಬಲು ಅದೇ ದುಡ್ಡು. ಹೊಸ ಗ್ರಾಹಕರು ಬರುತ್ತಿರುವವರೆಗೆ ಗಾಡಿ ಓಡುತ್ತದೆ. ಚೀಟಿ ನಡೆಸಿದವರ ಮನೆಯ ಪಕ್ಕದಲ್ಲಿ ಬೆಳೆದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ.

ಇನ್ನೊಂದು ಗಂಟೂ ಇತ್ತು. ಹಸಿರು ವಿದ್ಯುತ್ತಿಗೆ ಬೆಂಬಲವಾಗಿ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಒಂದು ಬಾಕಿ ತೀರಿಸಬೇಕು. ಗ್ರಾಹಕರಿಂದ ಅದನ್ನು ಬಿಲ್ಲಿನಲ್ಲಿ ತಿಂಗಳು ತಿಂಗಳು ವಸೂಲಿ ಮಾಡುತ್ತಾರೆ. ಏಪ್ರಿಲಿನಿಂದ ಮಾರ್ಚ್‌ವರೆಗಿನ ಬಾಕಿಯನ್ನು ಕಟ್ಟಲು ಆಗಸ್ಟ್ ಕೊನೆಯ ತನಕ ಟೈಮು. ತಡವಾಗಿ ಕಟ್ಟುವವರಿಗೆ ಅಕ್ಟೋಬರ್ ಕೊನೆ. ಅಲ್ಲಿಯವರೆಗೆ ಆ ದುಡ್ಡೂ ಕೈಯಲ್ಲೇ ಆಡುತ್ತದೆ. ಸಣ್ಣ ಕಂಪನಿಗಳು ಹೆಚ್ಚಾಗಿ ಶರತ್ಕಾಲದಲ್ಲಿ, ಚಳಿಗಾಲದ ಬಾಗಿಲಲ್ಲಿ ಬಿದ್ದದ್ದು ಕಾಕತಾಳೀಯವಲ್ಲ. ಬಾಕಿ ಕಟ್ಟುವ ದಿನ ಬಂದಾಗ ಪೆಟ್ಟಿಗೆ ಖಾಲಿ.

ನಮ್ಮ ಎಸ್ಕಾಂಗಳು ಎರಡು ತಿಂಗಳ ಬಿಲ್ಲಿನಷ್ಟು ಡಿಪಾಸಿಟ್ ಇಟ್ಟುಕೊಳ್ಳುತ್ತವೆ. ಬಳಕೆ ಏರಿದರೆ ‘ಹೆಚ್ಚುವರಿ ಭದ್ರತಾ ಠೇವಣಿ’ ಅಂತ ನೋಟಿಸ್ ಬರುತ್ತದೆ, ನಾವು ಗೊಣಗುತ್ತೇವೆ. ಆದರೆ ಅದಕ್ಕೆ ಬಡ್ಡಿ ಕೊಡಬೇಕು ಎಂದು 2003ರ ವಿದ್ಯುತ್ ಕಾಯ್ದೆಯಲ್ಲೇ ಇದೆ. ಬ್ರಿಟನ್ನಿನ ಮುಂಗಡ ಕಂಪನಿಗೆ ಬಡ್ಡಿಯಿಲ್ಲದ, ಕಾಗದವಿಲ್ಲದ, ಕೇಳುವವರಿಲ್ಲದ ಸಾಲ.

ಬಲ್ಬ್ ಎಂಬ ಒಳ್ಳೆ ಹುಡುಗ

ಬಲ್ಬ್ ಕಳ್ಳ ಕಂಪನಿ ಅಲ್ಲ. ಇದನ್ನು ಹೇಳಲೇಬೇಕು. ಹೇಡನ್ ವುಡ್ ಮತ್ತು ಅಮಿತ್ ಗುಡ್ಕಾ ಎಂಬಿಬ್ಬರು ಕಟ್ಟಿದ್ದು, 2015ರಲ್ಲಿ ವ್ಯಾಪಾರ ಶುರು. ಹಸಿರು ವಿದ್ಯುತ್, ಒಳ್ಳೆ ಆ್ಯಪ್, ಫೋನ್ ಎತ್ತುವ ಸಿಬ್ಬಂದಿ. ಹಳೆಯ ಗ್ರಾಹಕನಿಗೂ ಹೊಸಬನಿಗೂ ಒಂದೇ ದರ. ಗೆಳೆಯರನ್ನು ಕರೆತಂದರೆ ಇಬ್ಬರ ಖಾತೆಗೂ 50 ಪೌಂಡ್. ಬೆಳೆಯಿತು ನೋಡಿ, ಸುರಿಮಳೆಗೆ ಬಂದ ಹುಲ್ಲಿನ ಹಾಗೆ. ಕೆಲವೇ ವರ್ಷಗಳಲ್ಲಿ ದೇಶದ ಏಳನೇ ದೊಡ್ಡ ಕಂಪನಿ.

ಲಾಭ ಮಾತ್ರ ಇರಲಿಲ್ಲ. 2019ರ ಮಾರ್ಚಿಗೆ ಮುಗಿದ ವರ್ಷದಲ್ಲಿ ನಷ್ಟ ಸುಮಾರು 12.9 ಕೋಟಿ ಪೌಂಡ್. ಮರುವರ್ಷ ಸುಮಾರು 6.3 ಕೋಟಿ. ಸ್ಟಾರ್ಟಪ್ ಲೋಕದಲ್ಲಿ ಇದೇನು ಅವಮಾನವಲ್ಲ. ಮೊದಲು ಗ್ರಾಹಕ, ಆಮೇಲೆ ಲಾಭ ಅನ್ನುವ ಮಂತ್ರ ನಮ್ಮ ಬೆಂಗಳೂರಿನ ಕೋರಮಂಗಲಕ್ಕೂ ಗೊತ್ತು. ಊಟ ತಲುಪಿಸುವ ಕಂಪನಿ ಮುಚ್ಚಿದರೆ ಒಂದು ರಾತ್ರಿ ಅನ್ನ-ಸಾರು ಮಾಡಿಕೊಳ್ಳಬಹುದು. ಕರೆಂಟ್ ಹಾಗಲ್ಲ. ಮಾರುವವನು ಹೋದ ಮೇಲೂ ಮೀಟರ್ ತಿರುಗುತ್ತದೆ.

ಬಲ್ಬ್‌ನ ಆ ಒಂದೇ ದರವೇ ಅದಕ್ಕೆ ಉರುಳಾಯಿತು. ಹೇಗೆ ಅನ್ನುವುದಕ್ಕೆ ಬೆಲೆ ಮಿತಿಯ ವಿಷಯಕ್ಕೆ ಬರಬೇಕು.

ಮೇಲೆ ಮುಚ್ಚಳ, ಕೆಳಗೆ ಉರಿ

ಕಂಪನಿ ಬದಲಿಸದ ಜನರನ್ನು ಕಾಪಾಡಲು ಬ್ರಿಟನ್ 2018ರಲ್ಲಿ ಕಾನೂನು ಮಾಡಿತು. 2019ರ ಜನವರಿ 1ರಿಂದ ಬೆಲೆ ಮಿತಿ ಜಾರಿಗೆ ಬಂತು. ಅವಧಿಗೆ ಕಟ್ಟಿದ ನಿಗದಿತ ದರದ ಯೋಜನೆಗಳನ್ನು ಬಿಟ್ಟು, ಮಾಮೂಲಿ ದರದಲ್ಲಿರುವ ಎಲ್ಲರಿಗೂ ಇದು ಅನ್ವಯ. ಆಫ್‌ಜೆಮ್ ಆರು ತಿಂಗಳಿಗೊಮ್ಮೆ ಈ ಮಿತಿಯನ್ನು ಲೆಕ್ಕ ಹಾಕುತ್ತಿತ್ತು. 2021ರ ಅಕ್ಟೋಬರ್ ಮಿತಿಗೆ ಆಧಾರ ಅದೇ ವರ್ಷದ ಫೆಬ್ರವರಿಯಿಂದ ಜುಲೈವರೆಗಿನ ಸಗಟು ಬೆಲೆ. ಸಾಧಾರಣ ಬಳಕೆಯ ಮನೆಗೆ ವರ್ಷಕ್ಕೆ 1,277 ಪೌಂಡ್ ಎಂದು ಆಗಸ್ಟಿನಲ್ಲಿ ಸಾರಿದರು.

ಇಲ್ಲೊಂದು ಮಾತು ಅಡಗಿದೆ. ಫೆಬ್ರವರಿಯಿಂದ ಜುಲೈವರೆಗೆ ಸ್ವಲ್ಪ ಸ್ವಲ್ಪವಾಗಿ ಚಳಿಗಾಲದ ಕರೆಂಟ್, ಗ್ಯಾಸನ್ನು ಮುಂಗಡವಾಗಿ ಕೊಂಡಿಟ್ಟವನಿಗೆ ಈ ಮಿತಿಯಿಂದ ತೊಂದರೆಯಿಲ್ಲ. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಕೊಂಡಿಡುವ ಮನೆಯ ಹಾಗೆ. ಇದನ್ನೇ ಆ ವ್ಯಾಪಾರದಲ್ಲಿ ಹೆಡ್ಜಿಂಗ್ ಅನ್ನುತ್ತಾರೆ. ಆದರೆ ಮುಂಗಡ ಕೊಳ್ಳಲು ದುಡ್ಡೋ ಜಾಮೀನೋ ಬೇಕು. ಕೈ ಖಾಲಿ ಇದ್ದವನು ದಿನದ ಸಂತೆಗೇ ಹೋಗಬೇಕು.

2021ರಲ್ಲಿ ಸಂತೆಗೆ ಬೆಂಕಿ ಬಿತ್ತು. ವಸಂತದಲ್ಲಿ ಚಳಿ ಮುಗಿಯಲೇ ಇಲ್ಲ, ಯುರೋಪಿನ ಗ್ಯಾಸ್ ದಾಸ್ತಾನು ತಳ ಕಂಡಿತ್ತು. ಹಡಗಿನಲ್ಲಿ ಬರುವ ಗ್ಯಾಸಿಗೆ ಏಷ್ಯಾದಲ್ಲಿ ಬೇಡಿಕೆ. ರಷ್ಯಾದಿಂದ ಬರುವುದೂ ಕಡಿಮೆ. ಆ ಬೇಸಿಗೆಯಲ್ಲಿ ಗಾಳಿ ಸರಿಯಾಗಿ ಬೀಸಲಿಲ್ಲ, ಗಾಳಿಯಂತ್ರಗಳು ನಿಂತವು. ಬ್ರಿಟನ್ನಿನ ಅತಿ ದೊಡ್ಡ ಗ್ಯಾಸ್ ಸಂಗ್ರಹಾಗಾರ ರಫ್ 2017ರಲ್ಲೇ ಮುಚ್ಚುವ ತೀರ್ಮಾನವಾಗಿತ್ತು. ಸಾಲದು ಅಂತ ಸೆಪ್ಟೆಂಬರ್ 15ರಂದು ಫ್ರಾನ್ಸಿನಿಂದ ವಿದ್ಯುತ್ ತರುವ ಕೇಬಲ್ಲಿನ ಕೆಂಟ್ ಜಿಲ್ಲೆಯ ಕೇಂದ್ರಕ್ಕೆ ಬೆಂಕಿ ಹತ್ತಿತು. ವಸಂತದಲ್ಲಿ ಥರ್ಮ್‌ಗೆ (ಅಲ್ಲಿ ಗ್ಯಾಸ್ ಅಳೆಯುವ ಮಾನ) 50 ಪೆನ್ಸ್ ಆಸುಪಾಸಿದ್ದ ಗ್ಯಾಸ್ ಅಕ್ಟೋಬರ್ ಮೊದಲ ವಾರ ಸ್ವಲ್ಪ ಹೊತ್ತು 400 ಪೆನ್ಸ್ ಮುಟ್ಟಿತು. ಅಲ್ಲಿ ವಿದ್ಯುತ್ ಬೆಲೆಯನ್ನು ಬಹಳ ಹೊತ್ತು ನಿರ್ಧರಿಸುವುದು ಗ್ಯಾಸ್ ಸ್ಥಾವರಗಳೇ. ಹಾಗಾಗಿ ಕರೆಂಟೂ ಜೊತೆಗೇ ಏರಿತು.

ಸೆಪ್ಟೆಂಬರಿನಲ್ಲಿ ಸಾಲುಸಾಲಾಗಿ ಬಿದ್ದವು. ಯುಟಿಲಿಟಿ ಪಾಯಿಂಟ್, ಪೀಪಲ್ಸ್ ಎನರ್ಜಿ, ಸುಮಾರು 5.8 ಲಕ್ಷ ಗ್ರಾಹಕರಿದ್ದ ಆವ್ರೋ, ಗ್ರೀನ್. ಕೊಂಡದ್ದಕ್ಕಿಂತ ಕಡಿಮೆಗೆ ಮಾರಬೇಕು ಅಂದರೆ ಎಷ್ಟು ದಿನ ಅಂಗಡಿ ಇಡಬಹುದು ಹೇಳಿ.

ಬಲ್ಬ್‌ನ ಗ್ರಾಹಕರೆಲ್ಲ ಮಾಮೂಲಿ ದರದವರು. ಅಂದರೆ ಪ್ರತಿಯೊಬ್ಬರೂ ಮಿತಿಯ ಮುಚ್ಚಳದ ಅಡಿಯಲ್ಲೇ. ಬೇರೆ ಕಂಪನಿಗಳಲ್ಲಿ ಒಂದಷ್ಟು ಜನ ನಿಗದಿತ ದರದಲ್ಲಿದ್ದರು, ಬಲ್ಬ್‌ಗೆ ಆ ಆಸರೆ ಇರಲಿಲ್ಲ. ಅದು ಸ್ವಲ್ಪ ಮುಂಗಡ ಕೊಂಡಿತ್ತು, ಸಾಲುವಷ್ಟಲ್ಲ. ಹೊಸ ಬಂಡವಾಳಕ್ಕೆ ಅಲೆದರು. ಆ ಹೊತ್ತಿನಲ್ಲಿ ಯಾರು ಕೊಡುತ್ತಾರೆ?

ಮಿತಿ ಇಟ್ಟದ್ದೇ ತಪ್ಪು ಅಂತ ಆಗ ಬಹಳ ಜನ ಬೊಬ್ಬೆ ಹಾಕಿದರು. ನನಗೆ ಹಾಗನ್ನಿಸುವುದಿಲ್ಲ. ಅದೇ ಮಿತಿಯ ಅಡಿಯಲ್ಲಿ ದೊಡ್ಡ ಕಂಪನಿಗಳು ಉಳಿದವಲ್ಲ. ಮಾರುವ ಬೆಲೆಗೆ ಮುಚ್ಚಳ ಹಾಕಿದವರು, ಮಾರುವವನು ಆ ಮುಚ್ಚಳದಡಿ ಬದುಕುವಷ್ಟು ಗಟ್ಟಿಯೇ ಅಂತ ನೋಡಲಿಲ್ಲ. ಲೈಸೆನ್ಸ್ ವಿಭಾಗವೂ ದರದ ವಿಭಾಗವೂ ಒಂದೇ ಸಂಸ್ಥೆಯೊಳಗೆ ಪರಿಚಯವೇ ಇಲ್ಲದವರ ಹಾಗೆ ಕೆಲಸ ಮಾಡಿದಂತೆ ಕಾಣುತ್ತದೆ.

ಮೊದಲ ಸಲ ತೆಗೆದ ಕಾಯ್ದೆ

ಸಣ್ಣ ಕಂಪನಿ ಬಿದ್ದರೆ ಅದರ ಗ್ರಾಹಕರನ್ನು ಇನ್ನೊಬ್ಬನಿಗೆ ವಹಿಸುವುದು ವಾಡಿಕೆ ಅಂದೆನಲ್ಲ. ಬಲ್ಬ್ ವಿಷಯದಲ್ಲಿ ಅದು ಆಗುವ ಮಾತಾಗಿರಲಿಲ್ಲ. 16 ಲಕ್ಷ ಮನೆಗಳಿಗೆ ಆ ದುಬಾರಿ ಬೆಲೆಯಲ್ಲಿ ದಿಢೀರನೆ ಕರೆಂಟ್ ಕೊಳ್ಳಲು ಯಾವ ಕಂಪನಿಗೂ ತಾಕತ್ತಿರಲಿಲ್ಲ. ಕೊಟ್ಟರೆ ಅದೂ ಮುಳುಗುತ್ತಿತ್ತು. ಹಾಗಾಗಿ 2011ರ ಇಂಧನ ಕಾಯ್ದೆಯಲ್ಲಿ ಬರೆದಿಟ್ಟಿದ್ದ, ಅಲ್ಲಿಯವರೆಗೆ ಯಾರೂ ಮುಟ್ಟದಿದ್ದ ವಿಶೇಷ ಆಡಳಿತದ ಏರ್ಪಾಡನ್ನು ಮೊದಲ ಬಾರಿ ಬಳಸಿದರು. ಟೆನಿಯೊ ಎಂಬ ಸಂಸ್ಥೆಯವರು ಆಡಳಿತಾಧಿಕಾರಿಗಳು. ಖರ್ಚಿಗೆ ಸರ್ಕಾರದಿಂದ 169 ಕೋಟಿ ಪೌಂಡ್ ಸಾಲದ ಏರ್ಪಾಡು.

ಇಲ್ಲಿ ನಡೆದದ್ದು ಓದಿದಾಗ ನಾನು ಎರಡು ಸಲ ಕಣ್ಣುಜ್ಜಿಕೊಂಡೆ. ಬಲ್ಬ್ ಮುಳುಗಿದ್ದು ಸಾಕಷ್ಟು ಮುಂಗಡ ಕೊಳ್ಳದೆ. ಈಗ ಸರ್ಕಾರದ ದುಡ್ಡಿನಲ್ಲಿ ನಡೆಯುವ ಬಲ್ಬ್ ಕೂಡ ಮುಂಗಡ ಕೊಳ್ಳುವಂತಿಲ್ಲ ಅಂತಾಯಿತು! ಸಾರ್ವಜನಿಕ ದುಡ್ಡಿನಲ್ಲಿ ಬೆಲೆಯ ಮೇಲೆ ಪಂದ್ಯ ಕಟ್ಟಬಾರದು ಎಂಬುದು ಖಜಾನೆಯವರ ವಾದ. ಕೊಳ್ಳದೆ ಇರುವುದೂ ಪಂದ್ಯವೇ ಅಲ್ವಾ? 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿತ್ತು. ಬೆಲೆ ಇನ್ನೂ ಮೇಲೇರಿತು. ಬಲ್ಬ್ ಸಂತೆ ಬೆಲೆಯಲ್ಲೇ ಕೊಳ್ಳುತ್ತಿತ್ತು.

ಕೊನೆಗೆ ಬಲ್ಬ್‌ನ ಗ್ರಾಹಕರನ್ನು ಆಕ್ಟೋಪಸ್ ಎನರ್ಜಿ ತೆಗೆದುಕೊಂಡಿತು. 2022ರ ಡಿಸೆಂಬರಿನಲ್ಲಿ ವ್ಯವಹಾರ ಮುಗಿಯಿತು. ಬ್ರಿಟಿಷ್ ಗ್ಯಾಸ್, ಸ್ಕಾಟಿಷ್ ಪವರ್, ಇ.ಆನ್ ಮೂರೂ ಸೇರಿ ಸರ್ಕಾರ ಆಕ್ಟೋಪಸ್‌ಗೆ ಅನುಕೂಲ ಮಾಡಿಕೊಟ್ಟಿದೆ ಅಂತ ಕೋರ್ಟಿಗೆ ಹೋದವು, ಗೆಲ್ಲಲಿಲ್ಲ. ಆ ನವೆಂಬರಿನಲ್ಲಿ ಸರ್ಕಾರದ ಬಜೆಟ್ ಅಂದಾಜಿನ ಸಂಸ್ಥೆ ಬಲ್ಬ್ ಖರ್ಚು 650 ಕೋಟಿ ಪೌಂಡ್ ಆಗಬಹುದು ಎಂದಿತ್ತು. ಅದೃಷ್ಟಕ್ಕೆ 2023ರ ಶುರುವಿನಲ್ಲಿ ಗ್ಯಾಸ್ ಬೆಲೆ ಇಳಿಯಿತು. ಸರ್ಕಾರ ಹಾಕಿದ್ದು ಸುಮಾರು 300 ಕೋಟಿಗೆ ನಿಂತಿತು. ಅದರ ಬಹುಪಾಲನ್ನು ಆಕ್ಟೋಪಸ್ 2024ರಲ್ಲಿ ಮರಳಿಸಿತು. ಬುದ್ಧಿವಂತಿಕೆಯಿಂದ ಆದದ್ದಲ್ಲ, ಬೆಲೆ ಇಳಿದದ್ದರಿಂದ ಆದದ್ದು.

ನಿಯಮ ಬದಲಾದದ್ದು

ಆಫ್‌ಜೆಮ್ ತಾನೇ ಆಕ್ಸೆರಾ ಎಂಬ ಸಲಹಾ ಸಂಸ್ಥೆಯಿಂದ ಪರಿಶೀಲನೆ ಮಾಡಿಸಿತು. 2022ರ ಜೂನ್‌ನಲ್ಲಿ ಬ್ರಿಟನ್ನಿನ ಲೆಕ್ಕಪರಿಶೋಧಕರ ವರದಿಯೂ ಬಂತು. ಎರಡರಲ್ಲೂ ಬೆರಳು ಒಂದೇ ಕಡೆ: ಲೈಸೆನ್ಸ್ ಕೊಡುವಾಗ ಮಾನದಂಡ ಸಡಿಲವಿತ್ತು, ಕೊಟ್ಟ ಮೇಲೆ ಹಣಕಾಸಿನ ಮೇಲೆ ಕಣ್ಣಿರಲಿಲ್ಲ.

ಈಗ ಹಸಿರು ವಿದ್ಯುತ್ತಿನ ಬಾಕಿ ದುಡ್ಡನ್ನು ಬೇರೆಯಾಗಿ ಕಾಪಾಡಿ ಇಡಬೇಕು. 2025ರ ಮಾರ್ಚ್ ಕೊನೆಯಿಂದ ಬಂಡವಾಳದ ಗುರಿಯೂ ಇದೆ. ಕರೆಂಟ್, ಗ್ಯಾಸ್ ಎರಡನ್ನೂ ಕೊಳ್ಳುವ ಪ್ರತಿ ಮನೆಗೆ 115 ಪೌಂಡ್ ಲೆಕ್ಕದಲ್ಲಿ ಕಂಪನಿ ಸ್ವಂತ ಬಂಡವಾಳ ತೋರಿಸಬೇಕು. ಬೆಲೆ ಮಿತಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಅಂಗಡಿಗಳು ಇಪ್ಪತ್ತರ ಆಸುಪಾಸಿಗೆ ಇಳಿದವು. ಪೈಪೋಟಿ ಹೋಯಿತು ಎಂದು ಕೆಲವರು ಕೊರಗುತ್ತಾರೆ. ಬೇರೆಯವರ ದುಡ್ಡಿನಲ್ಲಿ ಅಗ್ಗಕ್ಕೆ ಮಾರುವುದನ್ನು ಪೈಪೋಟಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇದನ್ನು ಕನ್ನಡದಲ್ಲಿ ಕೂತು ಬರೆಯಲು ಒಂದು ಕಾರಣ ಇದೆ. 2022ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡಿಸಿದ ವಿದ್ಯುತ್ ತಿದ್ದುಪಡಿ ಮಸೂದೆಯಲ್ಲಿ ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳು, ಇರುವ ತಂತಿಯನ್ನೇ ಬಳಸಿ ಮಾರುವ ಅವಕಾಶ ಇತ್ತು. ವಿದ್ಯುತ್ ನೌಕರರು ಬೀದಿಗಿಳಿದರು, ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ಆ ಲೋಕಸಭೆಯ ಜೊತೆಗೇ ಮುಗಿಯಿತು. ಅದರಲ್ಲಿ ಗರಿಷ್ಠ ದರದ ಜೊತೆ ಕನಿಷ್ಠ ದರವನ್ನೂ ವಿದ್ಯುತ್ ನಿಯಂತ್ರಣ ಆಯೋಗವೇ ಗೊತ್ತುಮಾಡಬೇಕು ಎಂಬ ಮಾತಿತ್ತು. ಅಂದರೆ ನಷ್ಟಕ್ಕೆ ಮಾರಿ ಗ್ರಾಹಕರನ್ನು ಎಳೆಯುವವರಿಗೆ ಒಂದು ತಡೆ. ಇಂಥ ಮಸೂದೆ ಮತ್ತೆ ಬಂದಾಗ ನಮ್ಮ ಚರ್ಚೆ ‘ಖಾಸಗಿ ಬೇಕಾ ಬೇಡವಾ’ ಎಂಬಲ್ಲೇ ನಿಲ್ಲುತ್ತದೆ. ಲೈಸೆನ್ಸ್ ಪಡೆಯುವವನ ಪೆಟ್ಟಿಗೆಯಲ್ಲಿ ಎಷ್ಟಿರಬೇಕು ಅನ್ನುವ ಪುಟವನ್ನು ಯಾರೂ ತೆರೆಯುವುದಿಲ್ಲ.

94 ಪೌಂಡ್

ಬಲ್ಬ್ ಸಾಲವೇನೋ ಬಹುಪಾಲು ವಾಪಸ್ ಬಂತು. ಉಳಿದ ಕಂಪನಿಗಳ ಲೆಕ್ಕ ಹಾಗಲ್ಲ. 2021ರ ಜುಲೈ ನಂತರದ ಒಂದು ವರ್ಷದೊಳಗೆ ಬಲ್ಬ್ ಬಿಟ್ಟು 28 ಕಂಪನಿಗಳು ಬಿದ್ದವು. ಅವುಗಳ ಸುಮಾರು 24 ಲಕ್ಷ ಗ್ರಾಹಕರನ್ನು ಬೇರೆಯವರಿಗೆ ವಹಿಸಿದ ಖರ್ಚು 270 ಕೋಟಿ ಪೌಂಡ್ ಎಂದು ಲೆಕ್ಕಪರಿಶೋಧಕರು ಅಂದಾಜಿಸಿದರು. ಕಂಪನಿಗಳು ತಿಂದು ಮುಗಿಸಿದ್ದ ಗ್ರಾಹಕರ ಮುಂಗಡವೂ ಇದರಲ್ಲಿ ಸೇರಿದೆ. ಇದನ್ನು ಕೊಟ್ಟವರು ಕಂಪನಿಯ ಮಾಲೀಕರಲ್ಲ, ಸಾಲ ಕೊಟ್ಟ ಬ್ಯಾಂಕೂ ಅಲ್ಲ. ದೇಶದ ಎಲ್ಲ ಬಿಲ್‌ದಾರರು. ತಲಾ ಸುಮಾರು 94 ಪೌಂಡ್.

ಹಂಚಿದ ರೀತಿ ಇನ್ನೂ ವಿಚಿತ್ರ. ಯೂನಿಟ್ ದರದ ಮೇಲೆ ಹಾಕಲಿಲ್ಲ. ನಮ್ಮ ಬಿಲ್ಲಿನ ಫಿಕ್ಸೆಡ್ ಚಾರ್ಜ್ ಇದೆಯಲ್ಲ, ಅಂಥ ದಿನದ ನಿಗದಿತ ಶುಲ್ಕದ ಮೇಲೆ ಹಾಕಿದರು. 2022ರ ಏಪ್ರಿಲಿನಲ್ಲಿ ವಿದ್ಯುತ್ತಿನ ಈ ಶುಲ್ಕ ದಿನಕ್ಕೆ ಸರಾಸರಿ 25 ಪೆನ್ಸ್‌ನಿಂದ 45 ಪೆನ್ಸ್‌ಗೆ ಜಿಗಿಯಿತು. ಈ ಏರಿಕೆಯ ದೊಡ್ಡ ಪಾಲು ಬಿದ್ದ ಕಂಪನಿಗಳದ್ದು. ಅಗ್ಗದ ದರ ಹುಡುಕಿ ವರ್ಷಕ್ಕೊಂದು ಕಂಪನಿ ಬದಲಿಸಿದವರೂ ಅಷ್ಟೇ ಕಟ್ಟಿದರು. ಮೂವತ್ತು ವರ್ಷದಿಂದ ಒಂದೇ ಕಂಪನಿಯಲ್ಲಿದ್ದು, ಬಿಲ್ ಹೆದರಿಕೆಗೆ ಹೀಟರ್ ಆರಿಸಿ ಎರಡೆರಡು ಕಂಬಳಿ ಹೊದ್ದು ಕೂತ ಒಂಟಿ ಮುದುಕಿಯೂ ಅಷ್ಟೇ ಕಟ್ಟಿದಳು. ಅವತ್ತು ಒಂದು ಯೂನಿಟ್ ಕೂಡ ಉರಿಸದಿದ್ದರೂ ಆ 45 ಪೆನ್ಸ್ ಬರುತ್ತಿತ್ತು.